ಜಾಲರಿ ಮೂಲೆಯ ಒಂದು ಹಿಡಿ ಗೂಡು

ಬೆಳಗಿನ ಆರೂವರೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಮೊದಲ ಟೆಂಪೊ ಹಿಂದಹಿಂದಕ್ಕೆ ಬಂದು ನಿಲ್ಲುತ್ತಿದೆ. ರೇಷ್ಮೆಗೂಡಿನ ಹಸಿ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ಇಲ್ಲಿಯವರು ಅದರಲ್ಲೇ ಟೀ ಕುಡಿಯುತ್ತಾರೆ. ಒಳಗೆ ಸಾಲುಸಾಲು ಜಾಲರಿಗಳು, ಅಂದರೆ ರೈತರು ಗೂಡು ಸುರಿದು ಹರಡುವ ಅಗಲವಾದ ತಂತಿಬಲೆಯ ತಟ್ಟೆಗಳು. ಅವುಗಳ ನಡುವೆ ಆಂಜಿನಮ್ಮ ಸೊಂಟ ಬಗ್ಗಿಸಿ ಕಸ ಗುಡಿಸುತ್ತಿದ್ದಾರೆ. ಪೊರಕೆ ನೆಲದ ಮೇಲೆ, ಕಣ್ಣು ಗೇಟಿನ ಮೇಲೆ. ಒಂದೇ ಜಾಗವನ್ನು ಮೂರು ಸಲ ಗುಡಿಸಿದ್ದು ಅವರಿಗೇ ಗೊತ್ತಾಗಿಲ್ಲ.

"ಯಾರಮ್ಮಾ ಬರ್ಬೇಕು, ಅಳಿಯನಾ?" ಎಂದು ಗೂಡು ತೂಗುವವನೊಬ್ಬ ರೇಗಿಸುತ್ತಾನೆ. ಆಂಜಿನಮ್ಮ ನಗುವುದಿಲ್ಲ. ಅವರು ಕಾಯುತ್ತಿರುವುದು ಹೆಸರೂ ಊರೂ ಗೊತ್ತಿಲ್ಲದ ಒಬ್ಬ ರೈತ ಹೆಂಗಸಿಗಾಗಿ. ಕಾಯಲು ಶುರುಮಾಡಿ ಇವತ್ತಿಗೆ ನಲವತ್ಮೂರು ದಿನ.

ವಯಸ್ಸು ಐವತ್ತೆರಡು. ಇಲ್ಲಿ ಗುಡಿಸಲು ಬಂದು ಹತ್ತೊಂಬತ್ತು ವರ್ಷ. ಗಂಡ ಗಂಗುಲಪ್ಪ ತೀರಿಕೊಂಡ ಮೂರನೇ ತಿಂಗಳಿಗೆ ಪೊರಕೆ ಹಿಡಿದವರು. ನಾಲ್ಕೂವರೆಗೆ ಏಳುತ್ತಾರೆ, ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಕೈಮುಗಿದು, ಮುದ್ದೆ ತಿರುವಿಟ್ಟು, ಎರಡು ಮೈಲಿ ನಡೆದು ಬರುತ್ತಾರೆ. ಹರಾಜಿಗೆ ಮುಂಚೆ ಒಂದು ಸಲ, ಗೂಡೆಲ್ಲ ಖಾಲಿಯಾದ ಮೇಲೆ ಇನ್ನೊಂದು ಸಲ ಗುಡಿಸಬೇಕು. ಗೂಡು ಹೆಚ್ಚು ಬಂದ ದಿನ ಮಧ್ಯೆಯೂ ಎರಡು ಸುತ್ತು. ಗುತ್ತಿಗೆಯ ಸಂಬಳ ಅಕ್ಕಿಬೇಳೆಗೆ ಸರಿಹೋಗುತ್ತದೆ. ಮಗಳು ಅಮೃತಳನ್ನು ಓದಿಸಿ ಚಿಂತಾಮಣಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಮಾಡಿದ್ದು ಮಾತ್ರ ಹಿಡಿಗೂಡು.

ಹಿಡಿಗೂಡು ಅನ್ನುವುದು ಎಲ್ಲೂ ಬರೆದಿಟ್ಟ ಕಾನೂನಲ್ಲ. ತೂಕ ಮುಗಿದ ಮೇಲೆ ಕೆಲವು ರೈತರು ಜಾಲರಿಯ ಮೂಲೆಯಲ್ಲಿ ಒಂದು ಹಿಡಿ ಗೂಡು ಬಿಟ್ಟು ಹೋಗುತ್ತಾರೆ. ಗುಡಿಸುವವರು ಬಂದು ಅದನ್ನು ಎತ್ತಿಕೊಳ್ಳುತ್ತಾರೆ. ಕೊಡುವವರು ಇಗೋ ಅನ್ನುವುದಿಲ್ಲ, ತೆಗೆದುಕೊಳ್ಳುವವರು ಕೊಡಿ ಅನ್ನುವುದಿಲ್ಲ. ಹಿಡಿಗೆ ಇಪ್ಪತ್ತೋ ಇಪ್ಪತ್ತೈದೋ ಗೂಡು, ಹೊರಗೆ ಚಿಲ್ಲರೆ ಗೂಡು ಕೊಳ್ಳುವವರ ಹತ್ತಿರ ಮೂವತ್ತು ರೂಪಾಯಿ ಹುಟ್ಟಿದರೆ ಪುಣ್ಯ. ಹಿಂದೆ ದಿನಕ್ಕೆ ಇಪ್ಪತ್ತು ಹಿಡಿ ಆಗುತ್ತಿತ್ತು, ಈಗ ಏಳೆಂಟು.

"ಕೊಡೋರಲ್ಲಿ ಎಲ್ಲಾ ಥರದೋರೂ ಇದಾರೆ," ಎನ್ನುತ್ತಾರೆ ಆಂಜಿನಮ್ಮ. "ರೇಟು ಬಂದ್ರೆ ಎರಡು ಹಿಡಿ ಇಡ್ತಾರೆ, ಬರ್ಲಿಲ್ಲಾಂದ್ರೆ ನಮ್ ಮುಖಾನೂ ನೋಡಲ್ಲ. ಕೆಲವ್ರು ಕಪ್ಪು ಹಿಡಿದಿರೋ ಗೂಡನ್ನೇ ಆರಿಸಿ ಆರಿಸಿ ಇಡ್ತಾರೆ, ಪುಣ್ಯ ಮಾತ್ರ ಪೂರ್ತಿ ಬೇಕು. ಹಿಂದೊಂದ್ಸಲ ಮುರಳಿಮೋಹನ್ ಅಂತ ಒಬ್ಬ ರೈತರ ಹುಡುಗ, ನಿಮ್ಗೆ ಸಂಬಳ ಬರಲ್ವಾ ಆಂಟಿ ಅಂದ. ಬರ್ತದಪ್ಪಾ ಅಂದೆ. ಮತ್ಯಾಕೆ ಕೊಡ್ಬೇಕು ಅಂದ. ನಂಗೂ ಉತ್ತರ ಹೊಳೀಲಿಲ್ಲ."

ಕೈ ಚಾಚದೆ ಸಿಗುತ್ತದಲ್ಲ, ಅದೇ ಮರ್ಯಾದೆ ಎಂದು ಆಂಜಿನಮ್ಮ ನಂಬಿದ್ದರು. ಅಮೃತಳದು ಬೇರೆ ಮಾತು. "ಅದು ಮರ್ಯಾದೆ ಅಲ್ಲ ಕಣಮ್ಮ. ನಿನ್ ಕೈ ಮುಟ್ಟಬಾರ್ದು ಅಂತ ಹಿಂದಿನವ್ರು ಮಾಡ್ಕೊಂಡಿರೋ ಏರ್ಪಾಟು," ಎಂದು ಅವಳು ಒಂದು ಭಾನುವಾರ ಊಟದ ಮಧ್ಯೆ ಹೇಳಿದಳು. ಆವತ್ತು ತಾಯಿ ಮಗಳಿಗೆ ಜಗಳವಾಯಿತು. ಮಗಳು ಬಸ್ಸು ಹತ್ತಿದ ಮೇಲೂ ಆ ಮಾತು ಆಂಜಿನಮ್ಮನ ತಲೆಯಿಂದ ಇಳಿಯಲಿಲ್ಲ.

ಅದಾದ ಮೂರನೇ ದಿನ ನಡೆದದ್ದು ಇದು. ಮಂಚೇನಹಳ್ಳಿ ಕಡೆಯ ಟೆಂಪೊದಲ್ಲಿ ಹಸಿರು ಸೀರೆಯ ಹೆಂಗಸೊಬ್ಬರು ಇನ್ನೊಬ್ಬ ಹೆಂಗಸಿನ ಜೊತೆ ಬಂದಿದ್ದರು. ಈ ಮಾರ್ಕೆಟ್ಟಿಗೆ ಅವರದು ಮೊದಲ ಸಲ. ತೂಕವಾಯಿತು, ಚೀಟಿ ತರಲು ಕೌಂಟರಿಗೆ ಹೋದರು. ಜಾಲರಿಯ ಮೂಲೆಯಲ್ಲಿ ಹಾಲಿನಂಥ ಬಿಳಿ ಗೂಡು, ಒಂದು ಹಿಡಿ. ಆಂಜಿನಮ್ಮ ಎಂದಿನಂತೆ ಎತ್ತಿಕೊಂಡರು, ಚೀಲಕ್ಕೆ ಹಾಕಿಕೊಂಡರು, ಮುಂದಿನ ಸಾಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಅಳು ಕೇಳಿಸಿತು. ಎರಡು ಬೆಳೆ ರೋಗ ಬಂದು ಹೋಗಿದ್ದವಂತೆ. ಈ ಬೆಳೆ ಕೈಗೆ ಹತ್ತಿದರೆ ಒಂದು ಹಿಡಿ ಊರಮ್ಮನಿಗೆ ಎಂದು ಹರಕೆ ಕಟ್ಟಿದ್ದರಂತೆ. ಆ ಹಿಡಿಯನ್ನೇ ಎತ್ತಿಟ್ಟಿದ್ದರು. ಮೂಲೆಯ ಹಿಡಿ ಅಂದರೆ ಇಲ್ಲಿ ಏನರ್ಥ ಎಂದು ಆ ತಾಯಿಗೆ ಯಾರು ಹೇಳಿದ್ದರು?

ನಾನೇ ತಗೊಂಡೆ ಎಂದು ಆ ಕ್ಷಣವೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆಂಜಿನಮ್ಮ ಹೇಳಲಿಲ್ಲ. ಚೀಲದಲ್ಲಿ ಆ ಹಿಡಿ ಉಳಿದ ಗೂಡಿನ ಜೊತೆ ಬೆರೆತುಹೋಗಿತ್ತು, ಯಾವುದು ಯಾರದೆಂದು ಹೇಳುವ ಹಾಗಿರಲಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ದೇವರ ಹಿಡಿ ಮುಟ್ಟಿದವರು ಯಾರು, ಯಾವ ಜನ ಎಂಬ ಮಾತು ಎದ್ದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ! ತಲೆ ತಗ್ಗಿಸಿ ಗುಡಿಸುತ್ತಲೇ ಇದ್ದರು. ಟೆಂಪೊ ಹೊರಟುಹೋಯಿತು.

ಅವತ್ತಿನಿಂದ ಆಂಜಿನಮ್ಮ ಒಂದು ಹಿಡಿಯನ್ನೂ ಮುಟ್ಟಿಲ್ಲ. ಮೂಲೆಯಲ್ಲಿ ಗೂಡು ಕಂಡರೆ ಜೊತೆಯವಳನ್ನು ಕರೆದು ತೋರಿಸುತ್ತಾರೆ. ಊಟ ಅರ್ಧವಾಗಿದೆ, ನಿದ್ದೆ ಕಾಲು ಭಾಗವಾಗಿದೆ. ಒಂದು ಬೆಳೆಯಾದ ಮೇಲೆ ಇನ್ನೊಂದು ಬರಲು ನಲವತ್ತು, ನಲವತ್ತೈದು ದಿನ ಬೇಕೆಂಬ ಲೆಕ್ಕ ಇಲ್ಲಿ ಎಲ್ಲರಿಗೂ ಬಾಯಿಪಾಠ. ಆ ದಿನಗಳು ಹತ್ತಿರವಾದಂತೆ ಪ್ರತಿ ಟೆಂಪೊಗೂ ಅವರು ಗೇಟಿನ ಕಡೆ ತಿರುಗುತ್ತಾರೆ. "ಬರ್ಲಿ ಅಂತಾನೂ ಅನ್ಸುತ್ತೆ, ಬರ್ದೇ ಇದ್ರೆ ಸಾಕಪ್ಪಾ ಅಂತಾನೂ ಅನ್ಸುತ್ತೆ," ಎನ್ನುತ್ತಾರೆ.

ಎಂಟು ಗಂಟೆಗೆ ಅವರು ಬಂದೇಬಿಡುತ್ತಾರೆ. ಇವತ್ತು ಕಂದು ಸೀರೆ, ಮುಖ ಅದೇ. ಟೆಂಪೊದವನು "ಚಿಕ್ಕವೆಂಕಟಮ್ಮೋರೇ, ಇಲ್ಲೇ ಇಳಿಸ್ಲಾ?" ಎಂದು ಕೂಗಿದಾಗ ಹೆಸರೂ ತಿಳಿಯುತ್ತದೆ. ಗೂಡು ಜಾಲರಿಗೆ ಬೀಳುವವರೆಗೂ ಆಂಜಿನಮ್ಮ ಕಂಬದ ಪಕ್ಕ ನಿಂತೇ ಇರುತ್ತಾರೆ. ಆಮೇಲೆ ಪೊರಕೆಯನ್ನು ಕಂಬಕ್ಕೊರಗಿಸಿ ನೇರ ಹೋಗುತ್ತಾರೆ.

"ಅಮ್ಮಾ, ಹೋದ ಬೆಳೇಲಿ ನಿಮ್ ಜಾಲರಿ ಮೂಲೇಲಿದ್ದ ಹಿಡಿ ನಾನೇ ಎತ್ಕೊಂಡಿದ್ದು. ನಂಗೆ ಬಿಟ್ಟಿದೀರಿ ಅನ್ಕೊಂಡೆ. ಇಲ್ಲಿ ಹಂಗೇ ನಡೀತದೆ."

ಚಿಕ್ಕವೆಂಕಟಮ್ಮ ಬೈಯುವುದಿಲ್ಲ. ಜಾಲರಿಯ ಅಂಚು ಹಿಡಿದುಕೊಂಡು ಅಲ್ಲೇ ಕೂತುಕೊಳ್ಳುತ್ತಾರೆ. "ಎಂಥ ಕೆಲಸ ಮಾಡ್ದೆ ಕಣಮ್ಮ. ಜೊತೇಲಿ ಬಂದಿದ್ದ ನಮ್ ಓರಗಿತ್ತಿ ರಾಮಲಕ್ಷ್ಮಮ್ಮನ ಮೇಲೆ ಕಳ್ತನ ಹಾಕ್ಬಿಟ್ಟೆ ನಾನು. ಹೊಟ್ಟೆಕಿಚ್ಚಿಗೆ ತಗೊಂಡಿದೀಯಾ ಅಂತ ಟೆಂಪೊದಲ್ಲೇ ಅಂದ್ಬಿಟ್ಟೆ. ಆವತ್ತಿಂದ ಅವಳು ನಮ್ ಬಾಗಿಲು ತುಳಿದಿಲ್ಲ."

ತಮ್ಮ ಮೌನಕ್ಕೆ ಇನ್ನೊಂದು ಮನೆಯಲ್ಲಿ ಬೇರೊಬ್ಬ ಹೆಂಗಸು ಕಳ್ಳಿಯಾಗಿದ್ದಾಳೆ ಎಂದು ಆಂಜಿನಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. "ಅವ್ರಿಗೆ ಫೋನ್ ಮಾಡ್ಕೊಡಿ," ಎನ್ನುತ್ತಾರೆ.

ಮಾರ್ಕೆಟ್ಟಿನ ಸದ್ದಿನಲ್ಲಿ ರಾಮಲಕ್ಷ್ಮಮ್ಮನಿಗೆ ಕೇಳಿಸುವುದಿಲ್ಲ, ಜೋರಾಗಿ ಹೇಳಬೇಕು. ಜೋರಾಗಿಯೇ ಹೇಳುತ್ತಾರೆ. "ಅಮ್ಮಾ, ನಾನು ಗೂಡಿನ ಮಾರ್ಕೆಟ್ನಲ್ಲಿ ಕಸ ಗುಡಿಸೋಳು, ಆಂಜಿನಮ್ಮ. ಆ ದೇವರ ಹಿಡಿ ತಗೊಂಡಿದ್ದು ನಾನು. ನೀವಲ್ಲ." ಅಕ್ಕಪಕ್ಕದ ಎರಡು ಸಾಲಿನ ರೈತರು ತಿರುಗಿ ನೋಡುತ್ತಾರೆ. ತೂಗುವವನ ಕೈ ನಿಂತುಹೋಗುತ್ತದೆ. ಹತ್ತೊಂಬತ್ತು ವರ್ಷ ಕಾಪಾಡಿಕೊಂಡ ಹೆಸರನ್ನು ಆಂಜಿನಮ್ಮ ಎಲ್ಲರ ಮುಂದೆ ತಾವಾಗಿ ನೆಲಕ್ಕೆ ಹಾಕಿ ನಿಂತಿದ್ದಾರೆ.

ಆ ಕಡೆಯಿಂದ ಪ್ರಶ್ನೆ ಬರುತ್ತದೆ, "ಅವಳು ಹೇಳ್ಸಿದ್ಲಾ, ನೀನಾಗೇ ಹೇಳ್ದ್ಯಾ?"

"ನಾನಾಗೇ, ತಾಯಿ."

"ಹಂಗಾದ್ರೆ ಫೋನ್ ಅವಳಿಗೆ ಕೊಡು."

ಓರಗಿತ್ತಿಯರು ಏನು ಮಾತಾಡಿಕೊಂಡರೋ, ಚಿಕ್ಕವೆಂಕಟಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮನೇಗೆ ಹೋಗೋಕ್ಮುಂಚೆ ಅವಳ ಮನೆಗೇ ಹೋಗ್ತೀನಿ," ಎನ್ನುತ್ತಾರೆ. ಆಮೇಲೆ ಕೇಳುತ್ತಾರೆ, "ಆವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ಹೆದರಿಕೆ ಆಯ್ತಮ್ಮ. ಹಿಡಿ ನಿಮ್ಮ ದೇವ್ರದ್ದು, ಮುಟ್ಟಿದ್ದು ನಾನು."

ಚಿಕ್ಕವೆಂಕಟಮ್ಮ ತಲೆ ತಗ್ಗಿಸುತ್ತಾರೆ. ತೂಕ ಮುಗಿದ ಮೇಲೆ ಒಂದು ಹಿಡಿ ಗೂಡನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಾರೆ. ಮೂಲೆಗೆ ಹಾಕುವುದಿಲ್ಲ.

ಹತ್ತೊಂಬತ್ತು ವರ್ಷದಲ್ಲಿ ಆಂಜಿನಮ್ಮ ಒಂದು ಸಲವೂ ಕೇಳದ ಪ್ರಶ್ನೆ ಇವತ್ತು ಬಾಯಿಗೆ ಬರುತ್ತದೆ. "ಇದು ಯಾರಿಗಮ್ಮಾ?"

"ನಿಂಗೆ."

"ಯಾತಕ್ಕೆ? ಧರ್ಮಕ್ಕಾ?"

ಚಿಕ್ಕವೆಂಕಟಮ್ಮ ಸಾಲಿನ ಉದ್ದಕ್ಕೂ ನೆಲ ನೋಡುತ್ತಾರೆ. "ಗುಡಿಸಿದ್ಯಲ್ಲ, ಅದಕ್ಕೆ."

ಆಂಜಿನಮ್ಮ ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ. ಚೀಲಕ್ಕೆ ಹಾಕದೆ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಳ್ಳುತ್ತಾರೆ. ಇನ್ನು ಮೇಲೆ ಕೇಳಿಯೇ ತೆಗೆದುಕೊಳ್ಳುತ್ತಾರಂತೆ. ಕೇಳಿದರೆ ಕೆಲವರು ಕೊಡುವುದಿಲ್ಲ, ಏಳು ಹಿಡಿ ನಾಲ್ಕಾಗಬಹುದು, ಅದೂ ಗೊತ್ತಿದೆ.

"ಆಗ್ಲಿ ಬಿಡಿ," ಎನ್ನುತ್ತಾ ಪೊರಕೆ ಎತ್ತಿಕೊಳ್ಳುತ್ತಾರೆ. "ಗುಡಿಸಿದ್ದಕ್ಕೆ ಅಂತ ಬಾಯಿಬಿಟ್ಟು ಹೇಳಿ ಕೊಟ್ಟೋರು ಇಲ್ಲೀತಂಕ ಇವರೊಬ್ರೇ."