ಮಾಸ್ತಮ್ಮನ ಸಂಕಕ್ಕೆ ಮೂರು ಚುಕ್ಕಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾಸ್ತಮ್ಮ ಪಟಗಾರ ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು ಮರದ ಹಲಗೆಯೊಂದನ್ನು ಮೈಭಾರ ಬಿಟ್ಟು ಅದುಮುತ್ತಿದ್ದಾರೆ. ಹಲಗೆ ಕೆಳಗಿಳಿಯುತ್ತಿಲ್ಲ. ಅಡಿಯಲ್ಲಿ ಏನೋ ಸಿಕ್ಕಿಕೊಂಡಿದೆ. ಬಗ್ಗಿ, ತಡಕಾಡಿ, ಎಳೆದು ತೆಗೆದರೆ ನೀಲಿ ಬಣ್ಣದ ನೀರಿನ ಬಾಟಲಿ, ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೋಗುತ್ತಾರಲ್ಲ, ಅಂಥದು.

"ಇವ್ರ ಕಾಟಕ್ಕೆ ಸಾಕಾಗಿ ಹೋಗಿದೆ ತಂಗೀ," ಎನ್ನುತ್ತ ಅದನ್ನು ನನ್ನ ಕಾಲ ಬುಡಕ್ಕೆ ಎಸೆಯುತ್ತಾರೆ, ನಾನೇ ತಂದು ಬಿಸಾಡಿದ್ದೇನೋ ಎಂಬಂತೆ. "ನೀರು ಕುಡೂಕೆ ಬತ್ರೋ, ನಮ್ಗೆ ನೀರು ಕುಡಿಸೂಕೆ ಬತ್ರೋ, ದೇವ್ರಿಗೇ ಗೊತ್ತು."

ಹಿರೇಗುತ್ತಿಯಿಂದ ಹೊಳೆಯ ಕಡೆಗೆ ಇಳಿದರೆ ಸಿಗುವ ಗಜನಿ ಇದು. ಗಜನಿ ಎಂದರೆ ಸಮುದ್ರದ ಉಪ್ಪುನೀರು ಏರಿಳಿಯುವ ಹೊಳೆಯ ಪಕ್ಕದ ತಗ್ಗು ಗದ್ದೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಹೊಡೆ ಬಿಚ್ಚಿ ತೆನೆ ಹೊರಬರುತ್ತಿರುವ ಕಗ್ಗ ಭತ್ತ, ನಡುವೆ ಮಣ್ಣಿನ ದಂಡೆ. ದಂಡೆಯಲ್ಲೊಂದು ಬಾಯಿ, ಬಾಯಿಗೆ ಹಲಗೆಗಳ ಬಾಗಿಲು. ಅದೇ ಜಂತ್ರಡಿ. ಭರತ, ಎಂದರೆ ಸಮುದ್ರದ ಉಬ್ಬರ, ಏರುವಾಗ ಹಲಗೆ ಇಳಿಸಿ ಉಪ್ಪುನೀರನ್ನು ಹೊರಗೆ ತಡೆಯಬೇಕು, ಇಳಿತದಲ್ಲಿ ಹಲಗೆ ಎತ್ತಿ ಗದ್ದೆಯಲ್ಲಿ ನಿಂತ ಮಳೆನೀರನ್ನು ಹೊರಗೆ ಬಿಡಬೇಕು. ದಿನಕ್ಕೆ ಎರಡು ಸಲ ಇಳಿಸು, ಎರಡು ಸಲ ಎತ್ತು. ಸಮುದ್ರಕ್ಕೆ ರಜೆ ಇಲ್ಲ, ಹಾಗಾಗಿ ಮಾಸ್ತಮ್ಮನಿಗೂ ಇಲ್ಲ. ಅತ್ತೆ ದುರ್ಗಿಯ ಮಂಡಿ ಸೋತ ವರ್ಷ ಕೈಗೆ ಬಂದ ಕೆಲಸ ಕೂದಲು ನೆರೆತರೂ ಬಿಟ್ಟಿಲ್ಲ.

ಹಲಗೆ ಇಳಿದ ಮೇಲೆ ಬುಟ್ಟಿ ಹಿಡಿದು ದಂಡೆಯ ಮೇಲೆ ಹೊರಡುತ್ತಾರೆ. ನಾನು ಹಿಂದೆ. ಏಡಿ ತೋಡಿದ ಬಿಲ ಕಂಡಲ್ಲೆಲ್ಲ ಕೂತು, ಹುಲ್ಲು ತುರುಕಿ, ಜಿಗುಟು ಮಣ್ಣು ಮೆತ್ತಿ, ಅಂಗೈಯಿಂದ ತಟ್ಟುತ್ತಾರೆ. ಮುಂದಿನ ಬಿಲಕ್ಕೂ ಅದೇ. ಏಡಿಗಳಿಗೆ ಬೈಯುವುದಿಲ್ಲ. "ಅದ್ರ ಮನೆ ಅದು ಕಟ್ಕಂತದೆ, ನಮ್ಮ ಮನೆ ನಾವು ಕಾಯ್ಕಳೂದು. ಏಡಿಗೆ ಬೈದ್ರೆ ಕೇಳ್ತದಾ?" ಬೈಗುಳವನ್ನೆಲ್ಲ ಅವರು ಕೂಡಿಟ್ಟುಕೊಂಡಿರುವುದು ಆಯ್ತವಾರ ಸೈಕಲ್ ಏರಿ ಬರುವವರಿಗೆ.

ನನಗೂ ಇವರ ಸುದ್ದಿ ಸಿಕ್ಕಿದ್ದು ಆ ಸವಾರರಿಂದಲೇ. ಭಟ್ಕಳದಿಂದ ಹೊರಟು ಮಂಕಿ, ಹೊನ್ನಾವರ, ಹಳದೀಪುರ ದಾಟಿ ಕುಮಟಾದಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಮತ್ತೆ ಉತ್ತರಕ್ಕೆ ಹೊರಡುವ ಸೈಕಲ್ ತಂಡಗಳಿಗೆ ಹೆದ್ದಾರಿ ಎಂದರೆ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗುವ ಜಾಗ. ಲಾರಿಗಳ ನಡುವೆ ಆ ಸಪೂರ ಸೈಕಲ್ಲುಗಳನ್ನು ನೋಡಿದರೆ ನನಗೇ ಎದೆ ಹಾರುತ್ತದೆ. ಅದಕ್ಕೇ ಅವರೆಲ್ಲ ಹಿನ್ನೀರಿನ ಒಳದಾರಿ ಹುಡುಕುತ್ತಾರೆ. ಹುಡುಕಲಿ, ತಪ್ಪೇನಿಲ್ಲ. ಆದರೆ ಫೋನಿನ ನಕ್ಷೆಯಲ್ಲಿ ಆ ಒಳದಾರಿ ಹೊಳೆದಂಡೆಗೆ ಬಂದು, ಜಂತ್ರಡಿಯ ಮೇಲೆ ಒಂದು ಸೇತುವೆ ದಾಟಿ ಮುಂದೆ ಹೋಗುತ್ತದೆ. ಸೇತುವೆಯ ಹೆಸರು "ಮಾಸ್ತಮ್ಮನ ಸಂಕ". ಅಂಥ ಸಂಕ ಲೋಕದಲ್ಲೇ ಇಲ್ಲ! ಇರುವುದು ಮಾಸ್ತಮ್ಮನ ಹಿತ್ತಿಲ ಗೋಡೆಗೆ ಒರಗಿಸಿದ ಒಂದು ಹಲಗೆ. ಯಾರಾದರೂ ಬಂದರೆ ತಂದು ಅಡ್ಡ ಹಾಕಿ, ದಾಟಿಸಿ, ವಾಪಸು ಒಯ್ಯುತ್ತಾರೆ. ಅಲ್ಲೇ ಬಿಟ್ಟರೆ ಭರತಕ್ಕೆ ತೇಲಿ ಹೋಗುತ್ತದೆ.

ಎಲೆಮರೆಯ ಕಾಯಿ ಎಂದು ಪತ್ರಿಕೆಗೆ ಬರೆಯಲು ಬಂದರೆ ಈಕೆ ಇಡೀ ಲೋಕದ ಫೋನಿನಲ್ಲಿ ಸೇತುವೆಯಾಗಿ ಕೂತಿದ್ದಾರೆ. ಐದಕ್ಕೆ ಮೂರು ಚುಕ್ಕಿ ಬೇರೆ. ಕೆಳಗಿನ ಅಭಿಪ್ರಾಯಗಳನ್ನು ಓದಿ ಹೇಳುತ್ತೇನೆ. "ನೋಟ ಚೆನ್ನಾಗಿದೆ, ಆದರೆ ನಾವು ಹೋದಾಗ ಸೇತುವೆ ಇರಲಿಲ್ಲ." ಮತ್ತೊಂದು: "ಶೌಚಾಲಯವಿಲ್ಲ. ಅಲ್ಲಿರುವ ಹೆಂಗಸು ಬೈಯುತ್ತಾರೆ."

"ಬೈಯ್ದೆ ಮುತ್ತು ಕೊಡೂದಾ?" ಎನ್ನುತ್ತಾರೆ ಮಾಸ್ತಮ್ಮ, ಇನ್ನೊಂದು ಬಿಲಕ್ಕೆ ಮಣ್ಣು ಮೆತ್ತುತ್ತ.

ಹಾಗಾದರೆ ಹಲಗೆ ಹಾಕುವುದೇಕೆ? ಗಂಡ ದೇವು ದಿನಾ ಇದನ್ನೇ ಕೇಳುತ್ತಾರಂತೆ, ಒಲೆಗೆ ಹಾಕು ಅದನ್ನು ಎಂದು. "ಹ್ಯಾಂಗೆ ಹಾಕೂದು? ನೀರಿನ ಬಾಯಿಗೆ ಬಂದವ್ರನ್ನ ವಾಪಸ್ ಕಳ್ಸೂಕಾಗೂದಿಲ್ಲ ಅಂತ ನಮ್ಮತ್ತೆ ಹೇಳ್ತಿತ್ತು. ಬಂದವ ವೈರಿ ಆದ್ರೂ ದಾಟಿಸ್ಬೇಕು." ರೂಢಿಗೆ ಇನ್ನೊಂದು ಅರ್ಧವೂ ಇದೆ. ದಂಡೆಯ ಮೇಲೆ ನಡೆದವರು ಯಾರೇ ಇರಲಿ, ಒಂದು ಬೊಗಸೆ ಮಣ್ಣು ತೆಗೆದು, ಎಲ್ಲಿ ಸವೆದಿದೆಯೋ ಅಲ್ಲಿ ಮೆತ್ತಿ ಹೋಗಬೇಕು. ಮದುವೆಯ ದಿಬ್ಬಣವೂ ಹಾಗೇ ದಾಟುತ್ತದೆ, ಮದುಮಗನ ಕೈಗೂ ಕೆಸರು.

ಎಡವಟ್ಟಾದದ್ದು ಅಲ್ಲೇ. ಎರಡು ಮಳೆಗಾಲದ ಹಿಂದೆ ದಾರಿ ತಪ್ಪಿ ಬಂದ ಮೊದಲ ಸೈಕಲ್ ಸವಾರನಿಗೆ ಮಾಸ್ತಮ್ಮ ಹಲಗೆ ಹಾಕಿದರು, ಸೈಕಲ್ಲು ತಾವೇ ಹೊತ್ತು ದಾಟಿಸಿದರು, ಎಳನೀರು ಕೊಟ್ಟರು. ಮಣ್ಣಿನ ಮಾತು ಮಾತ್ರ ಎತ್ತಲಿಲ್ಲ.

"ಬಿಳಿ ಬೂಟು ಹಾಕಂಡಿದ್ದ ತಂಗೀ. ಹೊಸ ನೆಂಟ್ರ ಹಂಗೆ ನಿಂತಿದ್ದ. ಅಂಥವ್ರಿಗೆ ಕೆಸ್ರು ಮುಟ್ಟು ಅಂತ ಹೇಳೂಕೆ ಬಾಯಿ ಬರ್ಲಿಲ್ಲ. ಆತು, ಹೋಗ್ಲಿ ಅಂದೆ. ಅದೇ ಮಾಡಿದ್ದು ತಪ್ಪು. ಅವ ಫೋನಿಗೆ ಹಾಕಿ ಊರಿಗೆಲ್ಲ ಸಂಕ ಅದೆ ಅಂತ ಹೇಳ್ದ, ಮಣ್ಣಿನ ಸುದ್ದಿ ಅವಂಗೇ ಗೊತ್ತಿಲ್ಲ." ಈಗ ಬರುವವರಿಗೆ ಹೇಳಿದರೆ ನಗುತ್ತಾರಂತೆ, ಫೋಟೋ ತೆಗೆಯುತ್ತಾರಂತೆ. "ಹೊಳೆ ದಾಟಿದ್ಮೇಲೆ ಅಂಬಿಗನ ಹಂಗು ಯಾರಿಗೆ ಬೇಕು?"

ನಗುವ ಸಂಗತಿಯಲ್ಲ ಇದು. ಹಸಿ ದಂಡೆಯ ಮೇಲೆ ಸಪೂರ ಚಕ್ರ ಹರಿದರೆ ಗೀರು ಬೀಳುತ್ತದೆ. ಒಂದರ ಹಿಂದೊಂದು ಸೈಕಲ್ಲು ಅದೇ ಗೀರಿನಲ್ಲಿ ಹೋದರೆ ಗೀರು ಕಾಲುವೆಯಾಗುತ್ತದೆ, ಕೆಳಗಿನ ಏಡಿ ಬಿಲಕ್ಕೆ ಸೇರಿದರೆ ಮುಗಿಯಿತು. ಹೋದ ವರ್ಷ ಹೀಗೇ ಒಡೆದು, ಹೊಡೆ ಬಿಚ್ಚುವ ಹೊತ್ತಿಗೆ ಉಪ್ಪುನೀರು ನುಗ್ಗಿ ಗದ್ದೆಯೆಲ್ಲ ಬಿಳಿ ಜೊಳ್ಳಾಯಿತು. "ಅರ್ಧ ಏಡಿ ಮಾಡ್ತು, ಅರ್ಧ ಸೈಕಲ್ಲು ಮಾಡ್ತು. ಸುಳ್ಳು ಎಂತಕ್ಕೆ ಹೇಳೂದು?" ಗಜನಿ ಕಮಿಟಿಯ ಹಿರಿಯ ತ್ರ್ಯಂಬಕ ನಾಯಕರು ಆಗಲೇ ಹೇಳಿಬಿಟ್ಟಿದ್ದಾರೆ: ಈ ವರ್ಷವೂ ಬೆಳೆ ಹೋದರೆ ಗಜನಿಯನ್ನು ಸೀಗಡಿ ಸಾಕುವವರಿಗೆ ಕೊಟ್ಟುಬಿಡುವುದು. ಸೀಗಡಿಗೆ ಬೇಕಾದದ್ದೇ ಉಪ್ಪುನೀರು. ಒಮ್ಮೆ ಒಳಗೆ ಬಿಟ್ಟರೆ ಇಲ್ಲಿ ಭತ್ತದ ಮಾತಿಲ್ಲ. ಕಗ್ಗದ ಬೀಜ ಈ ಗದ್ದೆಯಿಂದ ಈ ಗದ್ದೆಗೇ ದಾಟಿ ಬಂದದ್ದು, ಬೆಳೆ ಹೋದ ಮೇಲೆ ಉಳಿದಿದ್ದ ಹಳೆ ಬೀಜವನ್ನೆಲ್ಲ ಈ ಸಲ ಕೆರೆದು ಬಿತ್ತಿ ಆಗಿದೆ. ಇದೊಂದು ಕೊಯ್ಲು ಸಿಕ್ಕರೆ ಗಜನಿ ಉಂಟು, ಇಲ್ಲದಿದ್ದರೆ ಇಲ್ಲ.

ಅದಕ್ಕೇ ಮಾಸ್ತಮ್ಮ ಹೊಸ ಮಣ್ಣು ಮೆತ್ತಿದ ಕಡೆ ಮುಳ್ಳಿನ ಗೆಲ್ಲು ಅಡ್ಡ ಇಟ್ಟಿದ್ದಾರೆ. ಇಟ್ಟಿದ್ದಾರೆ ಎಂದು ನಾನು ಬರೆದುಕೊಳ್ಳುವಾಗಲೇ ಆ ಕಡೆಯಿಂದ ಕಿಣಿಕಿಣಿ ಗಂಟೆ. ಮುಳ್ಳನ್ನು ಎತ್ತಿ ಬದಿಗಿಟ್ಟು, ಬಣ್ಣಬಣ್ಣದ ಅಂಗಿಯ ದೊಡ್ಡದೊಂದು ತಂಡ ಸಾಲಾಗಿ ಬರುತ್ತಿದೆ. ಇವತ್ತು ಮಹಾಲಯ ಅಮಾವಾಸ್ಯೆ, ವರ್ಷದ ದೊಡ್ಡ ಭರತಗಳಲ್ಲೊಂದು. ಹೊಳೆ ಆಗಲೇ ದಂಡೆಯ ಸೊಂಟಕ್ಕೆ ಬಂದಿದೆ.

ತಂಡದ ಮುಂದಾಳು ಹುಬ್ಬಳ್ಳಿಯ ಲೋಕೇಶ. "ಅಕ್ಕಾರ, ನಮಸ್ಕಾರ್ರಿ. ಹಲಗಿ ಹಾಕ್ತೀರೇನ್ರಿ?"

"ಇವತ್ತು ಹಲಗೆ ಇಲ್ಲ, ಎಂತದೂ ಇಲ್ಲ. ಅಮಾಸೆ ಭರತ. ಇಳೀರಿ, ಸೈಕಲ್ಲು ಹೊತ್ಕಂಡು ವಾಪಸ್ ಹೋಗಿ."

"ಮ್ಯಾಪಿನ್ಯಾಗ ರೋಡ್ ಅಂತ ತೋರಸ್ತೈತ್ರಿ ಅಕ್ಕಾರ!"

"ಹಂಗಾರೆ ಮ್ಯಾಪಿನ ಮೇಲೇ ಹೋಗು ತಮಾ, ನನ್ನ ದಂಡೆ ಮೇಲೆ ಎಂತಕ್ಕೆ ಬಂದೆ?"

ಮಾತು ಮುಗಿಯುವ ಮೊದಲೇ ಗದ್ದೆಯ ಕಡೆಯಿಂದ ದೇವು ಕೂಗುತ್ತಾರೆ. ಮುಳ್ಳು ಎತ್ತಿಟ್ಟ ಜಾಗದಲ್ಲಿ ದಂಡೆಯ ಒಳಮೈಯಿಂದ ನೀರು ಜಿನುಗುತ್ತಿದೆ. ನಾವು ಓಡಿ ಮುಟ್ಟುವಷ್ಟರಲ್ಲಿ ಜಿನುಗು ಚಿಮ್ಮುವುದಾಗಿದೆ. ದೇವು ಬೆನ್ನು ಕೊಟ್ಟು ನಿಂತಿದ್ದಾರೆ, ಬೆನ್ನಿನ ಎರಡೂ ಕಡೆ ನೀರು. ಮಾಸ್ತಮ್ಮನಿಗೆ ಬಂದ ಸಿಟ್ಟನ್ನು ನಾನು ಬರೆಯಲಾರೆ, ಬರೆದರೂ ನಮ್ಮ ಸಂಪಾದಕರು ಹಾಕಲಾರರು. ಅಚ್ಚು ಮಾಡಬಹುದಾದದ್ದು ಇಷ್ಟು:

"ನೋಡ್ತಾ ನಿಂತ್ಕಂಡ್ರೆ ಎಂತ ಬಂತು? ನಡೆದವ್ರೆಲ್ಲ ಮಣ್ಣು ಹಾಕಿ! ಬೂಟು ಗೀಟು ನಂಗೆ ಬೇಡ, ಎರಡು ಕೈ ಅದ್ಯಲ್ಲ, ಮಣ್ಣು ಹಾಕಿ! ನೀನೂ ಬಾ ತಂಗೀ, ಪೆನ್ನು ಒಳಗಿಡು!"

ಸೈಕಲ್ಲುಗಳು ಹುಲ್ಲಿನ ಮೇಲೆ ಬೀಳುತ್ತವೆ. ಒಂದೊಂದು ಕಾರಿನಷ್ಟು ಬೆಲೆಯದಂತೆ, ಯಾರೂ ತಿರುಗಿ ನೋಡುವುದಿಲ್ಲ. ಸಾಲಾಗಿ ಬಂದವರು ಸಾಲಾಗಿಯೇ ನಿಂತು ಬುಟ್ಟಿ, ಹೆಲ್ಮೆಟ್ಟು, ಬೊಗಸೆ, ಸಿಕ್ಕಿದ್ದರಲ್ಲಿ ಮಣ್ಣು ದಾಟಿಸುತ್ತಾರೆ. ಹುಲ್ಲಿನ ಹೊರೆ ತುರುಕುವುದು, ಮಣ್ಣು ಬಡಿಯುವುದು, ಕುಸಿದರೆ ಮತ್ತೆ ಬಡಿಯುವುದು. ನನ್ನ ಒಂದು ಚಪ್ಪಲಿ ಆ ದಂಡೆಯ ಒಳಗೇ ಇದೆ, ಇರಲಿ. ಕೊಡೆ ಹಿಡಿದು ಬಂದ ತ್ರ್ಯಂಬಕ ನಾಯಕರು "ನಿಲ್ಲೂದಿಲ್ಲ ಮಾಸ್ತಿ, ಬಿಟ್ಬಿಡು" ಎನ್ನುತ್ತಾರೆ. ಮಾಸ್ತಮ್ಮ ಒಂದು ಹೆಂಟೆ ಕೆಸರನ್ನು ಅವರ ಕೈಗಿಡುತ್ತಾರೆ. ನಾಯಕರು ಅದನ್ನೂ ಕೊಡೆಯನ್ನೂ ನೋಡಿ, ಕೊಡೆ ಮಡಚಿ, ಪಂಚೆ ಎತ್ತಿ ಕಟ್ಟುತ್ತಾರೆ.

ಭರತ ದಂಡೆಯ ತುಟಿಯವರೆಗೆ ಬರುತ್ತದೆ. ಅಲ್ಲೇ ತುಂಬಾ ಹೊತ್ತು ನಿಲ್ಲುತ್ತದೆ. ಕಡೆಗೂ ನಿಧಾನವಾಗಿ ಹಿಂದೆ ಸರಿಯುತ್ತದೆ. ದಂಡೆ ನಿಂತಿದೆ.

ಲೋಕೇಶನ ಮೈಯಲ್ಲಿ ಈಗ ಅಂಗಿಯ ಬಣ್ಣ ಯಾವುದೆಂದು ಗೊತ್ತಾಗುವುದಿಲ್ಲ. "ನಮಗ ಗೊತ್ತಿದ್ದಿಲ್ರಿ ಅಕ್ಕಾರ. ತಪ್ಪಾತು. ಫೋನಿನ್ಯಾಗಿಂದ ಈ ದಾರಿನ ತೆಗಸಿ ಬಿಡ್ತೇನ್ರಿ."

"ತೆಗ್ದೇ ಬಿಡೂದು ಬೇಡ," ಎನ್ನುತ್ತಾರೆ ಮಾಸ್ತಮ್ಮ, ಸಿಟ್ಟು ಪೂರ್ತಿ ಇಳಿದಿಲ್ಲ. "ಕೊಯ್ಲು ಆಗೂವರೆಗೆ ಯಾರೂ ಬರ್ಬೇಡಿ ಅಂತ ಬರಿ. ಆಮೇಲೆ ಬಂದವ ಮಣ್ಣು ಹಾಕಿಯೇ ಹೋಗ್ಬೇಕು ಅಂತ ಬರಿ. ಮನಸ್ಸಿಲ್ಲದವ ಹೆದ್ದಾರಿಲಿ ಸಾಯ್ಲಿ." ಆಮೇಲೆ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ಸಾಯೂದು ಬೇಡ. ನಿಧಾನ ಹೋಗ್ಲಿ," ಎಂದು ತಿದ್ದುತ್ತಾರೆ.

ಆದರೆ ಎಲ್ಲ ಮುಗಿದಿಲ್ಲ. ಚಿಮ್ಮಿದ ಉಪ್ಪುನೀರು ಗದ್ದೆಗೆ ಎಷ್ಟು ಸೇರಿತೆಂದು ಯಾರಿಗೂ ಗೊತ್ತಿಲ್ಲ. ಹೋದ ವರ್ಷವೂ ನೋಡುವುದಕ್ಕೆ ನೀರು ನೀರಿನಂತೆಯೇ ಇತ್ತು. ಮಾಸ್ತಮ್ಮ ಒಡಕಿನ ಹತ್ತಿರ ಗದ್ದೆಗೆ ಇಳಿಯುತ್ತಾರೆ. ತೆನೆಗಳನ್ನು ಬದಿಗೆ ಸರಿಸಿ, ಬಗ್ಗಿ, ಒಂದು ಬೊಗಸೆ ನೀರು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಉಗಿದು, ಹತ್ತು ಹೆಜ್ಜೆ ಆಚೆ ಹೋಗಿ ಇನ್ನೊಂದು ಬೊಗಸೆ. ಇನ್ನೂ ಆಚೆ ಮತ್ತೊಂದು.

ತ್ರ್ಯಂಬಕ ನಾಯಕರಿಗೆ ತಡೆಯುವುದಿಲ್ಲ. ತಾವೂ ಇಳಿದು, ಕೆಸರು ಕೈಯನ್ನು ಪಂಚೆಗೆ ಒರೆಸಿ, ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಾರೆ. ಮತ್ತೊಮ್ಮೆ ಮುಟ್ಟಿಸಿಕೊಳ್ಳುತ್ತಾರೆ. ಮಾಸ್ತಮ್ಮನ ಮುಖ ನೋಡದೆ, ದೇವುವಿಗೆ ಹೇಳುತ್ತಾರೆ: "ಕೊಯ್ಲಿಗೆ ಜನ ಹೇಳಿಡು ಮಾರಾಯ."

ಮಾಸ್ತಮ್ಮ ಅಲ್ಲೇ ಗದ್ದೆಯ ನಡುವೆ ನಿಂತು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ. ಒರೆಸಿದ್ದು ಬಾಯಿಯೋ ಕಣ್ಣೋ, ನಾನು ಕೇಳಲಿಲ್ಲ.

"ಈಗ ಪೆನ್ನು ತೆಗಿ ತಂಗೀ," ಎನ್ನುತ್ತಾರೆ. "ಬರ್ಕ. ನೀರು ಸಪ್ಪೆ ಅದೆ."