ಕಣದಲ್ಲಿ ಕೂಗಿ ಕೇಳಿದ ಪ್ರಶ್ನೆಗಳು

ಕೊರೊನಾ ಬಂದು ಮೆಡಿಕಲ್ ಕಾಲೇಜು ಮುಚ್ಚಿದಾಗ, ಕಳಸದ ಹತ್ತಿರ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪನ ಮನೆಗೆ ಬಂದೆ. ಪಾಠವೆಲ್ಲ ಫೋನಿನಲ್ಲೇ. ಮೇಡಂ ರೋಗಿಯಂತೆ ನಟಿಸುತ್ತಿದ್ದರು. ನಾವು ಕನ್ನಡದಲ್ಲಿ ಪ್ರಶ್ನೆ ಕೇಳಿ ಕೇಳಿ ಕಾಯಿಲೆ ಪತ್ತೆ ಮಾಡಬೇಕು. ಅವರಾಗಿ ಬಾಯಿ ತಪ್ಪಿಯೂ ಉತ್ತರ ಹೇಳುತ್ತಿರಲಿಲ್ಲ. ಸಿಗ್ನಲ್ ಸಿಗದೆ ನನ್ನ ಮಾತೋ ನಮ್ಮ ಗುಡ್ಡವನ್ನೇ ದಾಟುತ್ತಿರಲಿಲ್ಲ. ಗುಂಪಿನವರ ಪಾಲಿಗೆ ನಾನು ಮೂಗಿ.

"ನಾಳೆ ಪ್ರಶ್ನೆಗಳೆಲ್ಲ ನಿನ್ನವೇ. ಕೇಳದಿದ್ದರೆ ಪರೀಕ್ಷೆಗೆ ಕೂರಿಸೋದಿಲ್ಲ" ಎಂದರು ಮೇಡಂ. ನನಗೆ ಮೈಯೆಲ್ಲ ಉರಿಯಿತು. ಕೇಳಿಸದೆ ಹೇಗಿರುತ್ತದೆ ನೋಡೇಬಿಡೋಣ ಎಂದುಕೊಂಡೆ.

ಅಷ್ಟಿಷ್ಟಾದರೂ ಸಿಗ್ನಲ್ ಇದ್ದದ್ದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಮಾರನೆಯ ದಿನ ಅಲ್ಲಿ ನಿಂತು, ಬಿಸಿಲಿಗೆ ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಗಂಟಲು ಹರಿಯುವಂತೆ ಕೂಗಿದೆ. "ಸುಸ್ತು ಯಾವಾಗಿಂದ ಅಕ್ಕಾ?"

"ಹೋದ ಮಳೆಗಾಲದಿಂದ ಮಾರಾಯ್ತಿ!"

ಉತ್ತರ ಬಂದದ್ದು ಫೋನಿನಿಂದಲ್ಲ, ಕಣದ ಆ ತುದಿಯಲ್ಲಿ ಕಾಫಿ ಹರವುತ್ತಿದ್ದ ಹೆಂಗಸಿನಿಂದ. ನಮ್ಮಲ್ಲಿ ಯಾರೇ ಕೂಗಲಿ, ಕೇಳಿಸಿದವರು ಓಗೊಡಲೇಬೇಕು. ಬಟ್ಟೆಯೊಳಗಿನ ಇಯರ್‌ಫೋನ್ ಅವಳಿಗೆಲ್ಲಿ ಕಾಣಬೇಕು? ನಿನ್ನನ್ನಲ್ಲ ಎಂದು ಕೈಯಾಡಿಸಿ ಮುಂದುವರಿದೆ. "ಏರು ಹತ್ತುವಾಗ ಏದುಸಿರು ಬರುತ್ತಾ?"

"ಬರ್ದೇ ಇರುತ್ತಾ? ಅರ್ಧಕ್ಕೇ ಕೂತ್ಕಳ್ತೀನಿ."

"ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ?"

ಈ ಸಲ ಅವಳು ಕೆಲಸ ಬಿಟ್ಟು ನನ್ನ ಹತ್ತಿರವೇ ಬಂದಳು. "ಅದನ್ನ ಹಿಂಗೆ ಊರಿಗೆಲ್ಲ ಕೇಳೋ ಹಂಗೆ ಕೇಳ್ತಾರೇನೇ?" ಎಂದು ಗದರಿಸಿ, ದನಿ ತಗ್ಗಿಸಿದಳು. "ಹೌದು, ಸಿಕ್ಕಾಪಟ್ಟೆ. ಯಾರಿಗೂ ಹೇಳಿಲ್ಲ."

ಕಿವಿಯಲ್ಲಿ ಮೇಡಂ, "ಮುಂದಿನ ಪ್ರಶ್ನೆ?" ಎನ್ನುತ್ತಿದ್ದರು. ಇಯರ್‌ಫೋನ್ ಕಿತ್ತೆ. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ, ಸುಣ್ಣದಂತೆ ಬಿಳಚಿಕೊಂಡಿತ್ತು. ನನಗೆ ಹೆದರಿಕೆಯಾಯಿತು. ಪರೀಕ್ಷೆ ಹೋದರೆ ಹೋಗಲಿ, ಇವಳನ್ನು ಮಾತ್ರ ಬಿಡುವುದಿಲ್ಲ ಎನಿಸಿತು.

"ಕಾಫಿ ಒಣಗೋ ಟೈಮಲ್ಲಿ ಆಸ್ಪತ್ರೆನಾ? ಮಳೆ ಹಿಡಿದ ಮೇಲೆ ನೋಡಣ" ಎಂದಳು. ನಾನು ಬಿಡಲಿಲ್ಲ. ಅಪ್ಪನಿಗೆ ಹೇಳಿ, ಮಾರನೆಯ ಬೆಳಿಗ್ಗೆ ಎಸ್ಟೇಟ್ ಜೀಪಿಗೆ ಅವಳನ್ನು ಹತ್ತಿಸಿಕೊಂಡು ಕಳಸಕ್ಕೆ ಹೋದೆ.

ಅವತ್ತೂ ಕ್ಲಾಸಿತ್ತು. ಆಸ್ಪತ್ರೆಯ ಜಗುಲಿಯಿಂದಲೇ ಸೇರಿಕೊಂಡೆ. ಸಿಗ್ನಲ್ ಚೆನ್ನಾಗಿತ್ತು, ಮೇಡಂ ಸಿಟ್ಟೂ ಸ್ಪಷ್ಟವಾಗಿಯೇ ಕೇಳಿಸಿತು. "ನಿನ್ನೆ ಅರ್ಧಕ್ಕೇ ಎದ್ದು ಹೋದೆ. ರೋಗಿಗೆ ಏನಾಗಿದೆ ಅಂತ ಇವತ್ತಾದರೂ ಹೇಳ್ತೀಯಾ?"

"ರಕ್ತಪರೀಕ್ಷೆಗೆ ಕೊಟ್ಟಿದ್ದೀವಿ ಮೇಡಂ" ಎಂದೆ. "ಇಲ್ಲೇ ಪಕ್ಕದಲ್ಲಿ ಕೂತಿದ್ದಾರೆ. ರಿಪೋರ್ಟ್ ಬರಲಿ, ಹೇಳ್ತೀನಿ."