ಮಣ್ಣಿನಂತೆ ಕಂಡ ಕಾಂಕ್ರೀಟು

ರೋಲರ್ ಹಿಮ್ಮುಖವಾಗಿ ಇಳಿದು ಬರುತ್ತಿತ್ತು. ಅದರ ದಾರಿಯಲ್ಲೇ, ನಮ್ಮ ಕಡೆ ಮನೆಮನೆಗೆ ಮೀನು ಮಾರುವ ಇಬ್ರಾಹಿಂ ಬ್ಯಾರಿ ತಮ್ಮ ಸ್ಕೂಟರಿನಡಿ ಕಾಲು ಸಿಕ್ಕಿಕೊಂಡು ಬಿದ್ದಿದ್ದರು. ಕೋಡಿಂಬಾಳದ ಆ ಇಳಿಜಾರಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ನಾನು ಕೂಗಿಕೊಂಡೆ. ಯಂತ್ರದ ಸದ್ದಿಗೆ ನನ್ನ ಕೂಗು ನನಗೇ ಕೇಳಲಿಲ್ಲ. ಚಾಲಕನ ಕಣ್ಣು ರಸ್ತೆಯ ಅಂಚಿನ ಮೇಲಿತ್ತು.

ಅಲ್ಲಿ ಹಾಸಿದ್ದು ಕಲ್ಲಿದ್ದಲಿನ ಹಾರುಬೂದಿ ಬೆರೆಸಿ, ರೋಲರಿನಿಂದ ಒತ್ತಿ ಗಟ್ಟಿ ಮಾಡುವ ಕಾಂಕ್ರೀಟು. ನೀರು ಕಡಿಮೆಯಾದ್ದರಿಂದ ನೋಡಲು ಒದ್ದೆ ಮಣ್ಣಿನ ಹಾಗೆಯೇ ಇರುತ್ತದೆ. ದಾರಿ ಮುಚ್ಚಿದೆ ಎನ್ನಲು ಅಡ್ಡ ಇಟ್ಟಿದ್ದ ಸೊಪ್ಪಿನ ಗೆಲ್ಲನ್ನು ತಪ್ಪಿಸಿಕೊಂಡು ಬಂದ ಸ್ಕೂಟರಿನ ಚಕ್ರ ಅದರಲ್ಲಿ ಹೂತು, ಗಾಡಿ ಮಗುಚಿತ್ತು.

ಓಡಿಹೋಗಿ ಸ್ಕೂಟರ್ ಎತ್ತಲು ನೋಡಿದೆ. ಐಸಿನ ಪೆಟ್ಟಿಗೆಯ ಭಾರಕ್ಕೆ ಅದು ಅಲುಗಲಿಲ್ಲ. ಅಷ್ಟರಲ್ಲಿ ಇಬ್ರಾಹಿಂ ಪೆಟ್ಟಿಗೆಯಿಂದ ಚೆಲ್ಲಿಬಿದ್ದಿದ್ದ ಬಂಗುಡೆ ಮೀನೊಂದನ್ನು ಹಿಡಿದು ಚಾಲಕನತ್ತ ಎಸೆದರು. ಗುರಿ ತಪ್ಪಿತು. ಎರಡನೆಯದು ಅವನ ಹೆಗಲಿಗೆ ಬಡಿಯಿತು. ಆತ ಬೆಚ್ಚಿ ತಿರುಗಿದ. ರೋಲರ್ ನಿಂತಾಗ ನಾನು ಕೈ ಚಾಚಿದ್ದರೆ ಅದರ ಉರುಳೆಯನ್ನು ಮುಟ್ಟಬಹುದಿತ್ತು.

ಚಾಲಕ ಇಳಿದು ಓಡಿ ಬಂದ. “ಎಂತ ಬ್ಯಾರಿಗಳೇ, ಸಾಯ್ಲಿಕ್ಕೆ ಹೊರಟದ್ದಾ? ಇದು ಕಾಂಕ್ರೀಟು!”

“ಕಾಂಕ್ರೀಟಾ? ಇದರಲ್ಲಿ ನೀರೇ ಇಲ್ವಲ್ಲ ಮಾರಾಯ! ನಾನು ಮಣ್ಣು ಅಂತ ಗ್ರಹಿಸಿದೆ,” ಎಂದರು ಇಬ್ರಾಹಿಂ, ಬಿದ್ದಲ್ಲಿಂದಲೇ. “ಮೊದಲು ಸ್ಕೂಟರ್ ಎತ್ತು, ಮತ್ತೆ ಬೈ.”

ನಾನು ಮೀನು ತಿನ್ನುವವಳಲ್ಲ. ಆದರೂ ಈಗ ದಿನಾ ಬೆಳಿಗ್ಗೆ ಅವರ ಸ್ಕೂಟರಿನ ಹಾರ್ನ್ ಕೇಳುವ ತನಕ ಗೇಟಿನ ಬಳಿಯೇ ನಿಂತಿರುತ್ತೇನೆ.